ಹಳದಿ ಗೀಟು

ಬೆಳಿಗ್ಗೆ ಏಳಕ್ಕೆ ಭರಮಸಾಗರದ ಸರ್ವಿಸ್ ರೋಡಿಗೆ
ಬೊಲೆರೊ ಒಂದು ತನ್ನ ಹಿಂದೆ ಮನೆ ಕಟ್ಟಿಕೊಂಡು
ಮೆಲ್ಲಗೆ ಬಂತು.
ಮನೆ ಅಂದರೆ ತಗಡಿನ ಗೋಡೆ, ಎರಡು ಕಿಟಕಿ,
ಕಿಟಕಿಗೆ ಹಳೇ ಇಳಕಲ್ ಸೀರೆಯ ಪರದೆ,
ಒಳಗೆ ಮಡಚುವ ಮಂಚ, ಸ್ಟೋವು, ನೀರಿನ ಕ್ಯಾನು,
ಕೆಳಗೆ ಎರಡೇ ಗಾಲಿ.

ಇಳಿದವರು ಸರ್ವಮಂಗಳಾ ಮೇಡಂ.
ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಟೀಚರು,
ಕೊರಳ ಸೀಟಿ ಇನ್ನೂ ರಿಟೈರಾಗಿಲ್ಲ.
"ಮಾರಿಕಣಿವೆ ಹಿನ್ನೀರಲ್ಲಿ ಎರಡು ರಾತ್ರಿ ಇರೋಣಾಂತ ಹೊರಟ್ವಿ.
ಎಡಗಾಲಿ ಟಕ್ ಟಕ್ ಅಂತದೆ, ನೋಡಪ್ಪಾ."
ಕಿಟಕಿಯಿಂದ ಅವರ ನಾದಿನಿ
"ನಾ ಆವಾಗ್ಲೇ ಹೇಳಿದ್ದೆ" ಅಂದರು.
ಯಾವಾಗ, ಏನು ಹೇಳಿದ್ದರೋ, ಯಾರೂ ಕೇಳಲಿಲ್ಲ.

ಜಬೀವುಲ್ಲಾ ಬಲಗಾಲಿಗೆ ಕಲ್ಲಿಟ್ಟು ಜಾಕು ಕೊಟ್ಟ.
ಗಾಲಿಯ ಟೋಪಿ ಕಿತ್ತರೆ ಅಂಗೈಗೆ ಬಿತ್ತು
ಮುರಿದ ಸ್ಟಡ್ಡು, ನಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.
ಉಳಿದವು ನಾಲ್ಕು.

ಮುರಿದ ಮುಖವನ್ನು ಬಿಸಿಲಿಗೆ ಹಿಡಿದೆ.
ನಮ್ಮ ಕಸುಬಿನವರಿಗೆ ಅದೇ ಜಾತಕ.
ಮುಕ್ಕಾಲು ಪಾಲು ಕಪ್ಪು, ತುಕ್ಕು ತಿಂದದ್ದು,
ಒಂದಂಚಿಗೆ ಮಾತ್ರ ಕಲ್ಲುಪ್ಪಿನ ಹೊಳಪು.
ಹೊಳಪು ಇವತ್ತಿನದು, ಆನಗೋಡು ದಾಟಿದ ಮೇಲಿನದು.
ಕಪ್ಪು ಯಾವತ್ತೋ ಸೀಳಿದ್ದು,
ಸೀಳಿಕೊಂಡೇ ಇಷ್ಟು ದಿನ ಓಡಿದ್ದು.

ನಟ್ಟಿನ ಗ್ರೀಸು ಒರೆಸಿದೆ.
ಹಳದಿ ಗೀಟು.

ಈ ರೋಡಲ್ಲಿ ಬಿಗಿ ಮಾಡಿದ ಮೇಲೆ
ಹಳದಿ ಪೇಂಟಿನ ಗೀಟು ಎಳೆಯುವವನು ನಾನೊಬ್ಬನೇ.
"ಮೇಡಂ, ಇದು ಮೊದಲಿಂದ ನಿಮ್ಮದೇನಾ?"
"ಇಲ್ಲಪ್ಪಾ, ಜನರೇಟರ್ ಗಾಡಿ. ಹೋದ ಯುಗಾದಿಗೆ ತಗೊಂಡು
ಕಿಟಕಿ ಇಡಿಸಿದೆ."

ಜನರೇಟರು.
ರಾತ್ರಿ ಹನ್ನೊಂದು, ಯಾರದೋ ಮದುವೆ ಕತ್ತಲಲ್ಲಿ ಕಾಯುತ್ತಿತ್ತು,
ಡ್ರೈವರು ಕೈ ಹಿಸುಕುತ್ತ ನಿಂತಿದ್ದ.
ಪಾನಕ್ಕೆ ನಾಲ್ಕಡಿ ಪೈಪು ಸಿಕ್ಕಿಸಿ
ಅದರ ಮೇಲೆ ಹತ್ತಿ ಕುಣಿದಿದ್ದೆ.
ಕಿರ್ರ್ ಅಂದಿತ್ತು ಕಬ್ಬಿಣ.
ಅದನ್ನು ನಾನು ಶಹಬ್ಬಾಸ್ ಅಂದುಕೊಂಡೆ.
ಐವತ್ತು ರೂಪಾಯಿ ಜಾಸ್ತಿ ಕೊಟ್ಟು ಹೋಗಿದ್ದ ಅವನೂ.
ಸಡಿಲಕ್ಕೆ ಎಲ್ಲರೂ ಹೆದರುತ್ತಾರೆ,
ಬಿಗಿಗೆ ಯಾರು?

"ಯಾವನೋ ಮುಠ್ಠಾಳ ಬಿಗಿದಿದಾನೆ ಕಣಣ್ಣಾ" ಅಂದ ಜಬೀ.
ನನ್ನಿಂದಲೇ ಕಲಿತ ಬೈಗುಳ.
ಸುತ್ತಿಗೆ ತಾ ಅಂದೆ.

ಐದೂ ಬದಲಾಯಿಸಬೇಕು ಅಂದಾಗ
"ಮುರಿದದ್ದು ಒಂದೇ ಅಲ್ವಾ?" ಅಂದರು ಮೇಡಂ.
"ಅದರ ಪಾಲಿನ ಭಾರ ಉಳಿದವು ಹೊತ್ತಿವೆಯಲ್ಲ,
ಅವೂ ಒಳಗೊಳಗೇ ಹೋಗಿರ್ತವೆ."
ಚಹಾ ಸೋಸುತ್ತಿದ್ದ ನಾದಿನಿ ಕೈ ತಡೆದರು,
ಅತ್ತಿಗೆಯ ಮುಖ ನೋಡಿ
ಮತ್ತೆ ಸೋಸಿದರು.

ಜಬೀ ಬೈಕಲ್ಲಿ ದಾವಣಗೆರೆಗೆ ಹೋಗಿ ಬರುವಷ್ಟರಲ್ಲಿ
ಅವರ ಕ್ಯಾಂಪು ನನ್ನ ಅಂಗಡಿ ಮುಂದೇ ಹೂಡಿತು:
ಎರಡು ಕುರ್ಚಿ, ಅವಲಕ್ಕಿ, ಒಂದು ರೇಡಿಯೊ.
ಲಾರಿಗಳ ದೂಳಿಗೆ ತಟ್ಟೆ ಮುಚ್ಚಿಕೊಂಡು
ನನಗೂ ಒಂದು ಲೋಟ.

ಹಬ್ಬಿನ ಹಿಂದಿನಿಂದ ಹೊಸದನ್ನು ತೂರಿಸಿ
ಮುಂದೆ ವಾಷರು ಪೇರಿಸಿ, ನಟ್ಟು ಹಾಕಿ ಎಳೆದೆ.
ಅರ್ಧ ಸುತ್ತು. ತಡೆ. ಅರ್ಧ ಸುತ್ತು.
ಹಲ್ಲು ಹಲ್ಲು ಕಚ್ಚಿ ಕೂರುವುದು ಕೈಗೇ ಗೊತ್ತಾಗುತ್ತದೆ.
ಆಮೇಲೆ ಗಾಲಿ. ಒಂದು ಬಿಟ್ಟು ಒಂದು,
ಹೊಸ್ತಿಲಿಗೆ ಐದು ಮೂಲೆ ನಕ್ಷತ್ರ ಎಳೆದ ಹಾಗೆ.
ಜಬೀ ಅಭ್ಯಾಸಬಲದಿಂದ ಪೈಪು ಚಾಚಿದ.
ಬೇಡ ಅಂದೆ.
ಯಾಕಣ್ಣಾ ಅಂದ.
ಹೇಳಲಿಲ್ಲ.

ಹಳದಿ ಗೀಟು ಎಳೆದೆ, ಐದಕ್ಕೂ. ಒಂದು ಸೊಟ್ಟಗಾಯಿತು.

"ಹಿರಿಯೂರಲ್ಲಿ ನಿಲ್ಲಿಸಿ ಇನ್ನೊಂದ್ಸಲ ನೋಡಿಸಿ ಮೇಡಂ.
ಹೊಸದು ಮೊದಮೊದಲು ಕೂತ್ಕೊಳ್ತಾ ಸಡಿಲ ಆಗ್ತದೆ."
"ಎಷ್ಟಾಯ್ತು?"
"ಸ್ಟಡ್ಡಿನ ದುಡ್ಡು ಕೊಡಿ ಸಾಕು."
"ಕೂಲಿ?"

ಡ್ರಿಲ್ಲು ತಪ್ಪಿಸಲು ಸುಳ್ಳೇ ಕುಂಟುವ ಹುಡುಗರನ್ನು
ಮೂವತ್ತೊಂದು ವರ್ಷ ನೋಡಿದ ಕಣ್ಣು
ನನ್ನ ಮೇಲೇ ನಿಂತಿತ್ತು.

"ಹೋದ ಸಲವೇ ತಗೊಂಡಿದೀನಿ" ಅಂದೆ.

ನಟ್ಟಿನ ಗೀಟು ನೋಡಿದರು. ನನ್ನ ಹಳದಿ ಬೆರಳು ನೋಡಿದರು.
ನೋಟು ಎಣಿಸಿ ಕೊಟ್ಟರು, ಸ್ಟಡ್ಡಿಗೆ ಎಷ್ಟೋ ಅಷ್ಟೇ,
ಒಂದು ರೂಪಾಯಿ ಹೆಚ್ಚಿಲ್ಲ.